ಕಳಚಿಕೊಳ್ಳುವ ಬೆಲ್ಟ್: ಮನೆಯೊಳಗಿನ ಬೆಕ್ಕೊಂದರ ಪ್ರಕರಣ

ಈ ಪ್ರಕರಣವನ್ನು ಮನೆಯವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಸಿಗಬಾರದೆಂದು ಬಡಾವಣೆಯ ಹೆಸರು, ಮನೆಯವರ ಉದ್ಯೋಗ ಮತ್ತು ದಿನಾಂಕಗಳನ್ನು ಬಿಟ್ಟಿದ್ದೇನೆ. ಬೆಕ್ಕಿನ ಹೆಸರನ್ನೂ ಬದಲಿಸಿ ಚುಕ್ಕಿ ಎಂದು ಕರೆದಿದ್ದೇನೆ. ಯಾವ ನಿರ್ಧಾರದ ನಂತರ ಯಾವುದು ಬಂತು ಎಂಬುದನ್ನು ಮಾತ್ರ ಬದಲಿಸಿಲ್ಲ, ಏಕೆಂದರೆ ತಪ್ಪುಗಳಿರುವುದು ಅಲ್ಲಿ. ಅವುಗಳಲ್ಲಿ ಎರಡು, ಚಿಕಿತ್ಸೆ ಮಾಡಿದ ಪಶುವೈದ್ಯನಾದ ನನ್ನವು.

ಹಿನ್ನೆಲೆ

ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನ ಮೂರನೆಯ ಮಹಡಿಯ ಮನೆ. ದಂಪತಿ, ಎಂಟನೆಯ ತರಗತಿಯ ಮಗಳು, ಎಪ್ಪತ್ತು ದಾಟಿದ ಅಜ್ಜಿ. ಮಳೆಗಾಲದ ಒಂದು ಸಂಜೆ ಪಾರ್ಕಿಂಗ್‌ನಲ್ಲಿ ಕಾರಿನ ಅಡಿಯಲ್ಲಿ ಕೂಗುತ್ತಿದ್ದ, ಸುಮಾರು ಎರಡು ತಿಂಗಳ ಹೆಣ್ಣು ಮರಿಯನ್ನು ಮಗಳು ಎತ್ತಿಕೊಂಡು ಬಂದಳು. ಬೂದು ಮೈಮೇಲೆ ಕಪ್ಪು ಪಟ್ಟೆ, ನಮ್ಮ ಬೀದಿಗಳಲ್ಲಿ ಎಲ್ಲಿ ನೋಡಿದರೂ ಕಣ್ಣಿಗೆ ಬೀಳುವ ನಾಡು ಬೆಕ್ಕಿನ ಬಣ್ಣ. ಬಾಲ್ಕನಿಗೆ ಪಾರಿವಾಳದ ನೆಟ್ ಮೊದಲೇ ಹಾಕಿಸಿತ್ತು, ಯುಟಿಲಿಟಿಯ ಗ್ರಿಲ್ಲಿಗೆ ಸಣ್ಣ ಕಣ್ಣಿನ ಜಾಲರಿಯನ್ನು ಆಮೇಲೆ ಕಟ್ಟಿಸಿದರು. ಅಂದಿನಿಂದ ಚುಕ್ಕಿ ಸಂಪೂರ್ಣವಾಗಿ ಮನೆಯೊಳಗಿನ ಬೆಕ್ಕು. ಲಸಿಕೆಗಾಗಿ ನನ್ನಲ್ಲಿಗೆ ಬರುವುದನ್ನು ಬಿಟ್ಟರೆ ಹೊಸ್ತಿಲು ದಾಟಿದ್ದಿಲ್ಲ.

ಮರಿ ಬಂದ ಎರಡನೆಯ ತಿಂಗಳಲ್ಲಿ ಕೆಂಪು ಕೊರಳಪಟ್ಟಿಯೊಂದು ಬಂತು. ಮನೆಮಾತಿನಲ್ಲಿ ಅದನ್ನು ಬೆಲ್ಟ್ ಎಂದೇ ಹೇಳುತ್ತೇವೆ, ನಾನೂ ಹಾಗೆಯೇ ಬರೆಯುತ್ತೇನೆ. ಬೆಲ್ಟ್ ಏಕೆ ಬೇಕು ಎಂದು ಆಗ ಕೇಳಿದ್ದರೆ ಮನೆಯಲ್ಲಿ ಮೂರು ಉತ್ತರ ಸಿಗುತ್ತಿದ್ದವು. ಮಗಳಿಗೆ ಅದು ಅಂದ. ತಂದೆಗೆ ಫೋನ್ ನಂಬರು ನೇತುಹಾಕುವ ಜಾಗ. ಅಜ್ಜಿಗೆ ಬೇಕಾಗಿದ್ದದ್ದು ಅದರಲ್ಲಿದ್ದ ಗೆಜ್ಜೆ: ಕಣ್ಣಿನ ಪೊರೆಯಿಂದಾಗಿ ರಾತ್ರಿ ಬಚ್ಚಲಿಗೆ ಹೋಗುವಾಗ ಕಾಲಡಿಯಲ್ಲಿ ಮಲಗಿದ ಬೂದು ಬೆಕ್ಕು ಅವರಿಗೆ ಕಾಣುತ್ತಿರಲಿಲ್ಲ, ಒಮ್ಮೆ ಎಡವಿ ಗೋಡೆ ಹಿಡಿದುಕೊಂಡಿದ್ದರು. ಈ ಕೊನೆಯ ಕಾರಣವನ್ನು ನಾನು ಬಹಳ ದಿನ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಕಳಚುವುದೂ ಕಳಚದಿರುವುದೂ

ಆರನೆಯ ತಿಂಗಳಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆಗೆ ಕರೆತಂದಾಗ ನೋಡಿದರೆ ಬೆಲ್ಟ್ ಕೊರಳಿಗೆ ಬಿಗಿದಿತ್ತು. ಮರಿ ಬೆಳೆದಿತ್ತು, ಬಕಲ್ ಮಾತ್ರ ಮೊದಲ ದಿನದ ತೂತಿನಲ್ಲೇ ಇತ್ತು. ಚರ್ಮ ಒಡೆದಿರಲಿಲ್ಲ, ಆದರೆ ಕೂದಲು ಉದುರಿ ಕೆಂಪು ಗೆರೆ ಬಿದ್ದಿತ್ತು. ಅದನ್ನು ತೆಗೆಸಿ, ಎಳೆದರೆ ತಾನಾಗಿ ಬಿಚ್ಚಿಕೊಳ್ಳುವ ಕ್ಲಿಪ್ಪಿನ ಬೆಲ್ಟ್ ಹಾಕಲು ಹೇಳಿದೆ. ಬೆಕ್ಕು ಕಿಟಕಿಯ ಸರಳಿಗೋ ಕಪಾಟಿನ ಹಿಡಿಗೋ ಬೆಲ್ಟ್ ಸಿಕ್ಕಿಸಿಕೊಂಡು ಜೋಲಾಡಿದರೆ ಅದರ ಭಾರಕ್ಕೇ ಕ್ಲಿಪ್ ಬಿಟ್ಟುಕೊಳ್ಳಬೇಕು ಎಂಬುದು ಆ ರಚನೆಯ ಉದ್ದೇಶ.

ಹೇಳಿದೆ ಎಂದೆನಲ್ಲ, ಹೇಳಿದ್ದು ಅಷ್ಟೇ. ಅದು ಆಗಾಗ ಕಳಚಿ ಬೀಳುತ್ತದೆ, ಬಿದ್ದರೆ ಅದು ದೋಷವಲ್ಲ, ಅದರ ಕೆಲಸವೇ ಅದು ಎಂಬ ಮಾತನ್ನು ಸೇರಿಸಲಿಲ್ಲ. ಇದು ನನ್ನ ಮೊದಲ ತಪ್ಪು.

ಇಪ್ಪತ್ತು ದಿನಗಳಲ್ಲಿ ಆ ಬೆಲ್ಟ್ ನಾಲ್ಕು ಸಲ ಬಿತ್ತು. ಸೋಫಾದ ಕೆಳಗೆ, ವಾಷಿಂಗ್ ಮೆಷಿನ್ನಿನ ಹಿಂದೆ, ಎರಡು ಸಲ ಮಂಚದಡಿಯಲ್ಲಿ ಸಿಕ್ಕಿತು. ಅಗ್ಗದ ಮಾಲು, ನಿಲ್ಲುತ್ತಿಲ್ಲ ಎಂದು ತಂದೆಗೆ ಅನಿಸಿದ್ದು ಸಹಜವೇ; ನಾವು ಕೊಂಡ ಯಾವ ವಸ್ತು ತಾನಾಗಿ ಕಳಚಿ ಬಿದ್ದರೂ ಹಾಳಾಗಿದೆ ಎಂದೇ ತಿಳಿಯುತ್ತೇವೆ. ಸಾಕುಪ್ರಾಣಿಗಳ ಅಂಗಡಿಗೆ ಹೋಗಿ 'ಬೀಳದ ಬೆಲ್ಟ್' ಕೇಳಿದರು. ಅಂಗಡಿಯಲ್ಲಿ ಎರಡು ತೋರಿಸಿದರು. ಒಂದು, ನಾಯಿಗಳಿಗೆಂದು ಮಾಡಿದ ಚಿಗಟದ ಪಟ್ಟಿ. ಪುಣ್ಯಕ್ಕೆ ಅದನ್ನು ಕೊಳ್ಳಲಿಲ್ಲ: ನಾಯಿಗಳ ಚಿಗಟ ಮತ್ತು ಉಣ್ಣೆಯ ಔಷಧಗಳಲ್ಲಿ ಅನೇಕ ಬಾರಿ ಇರುವ ಪರ್ಮೆಥ್ರಿನ್ ಎಂಬ ರಾಸಾಯನಿಕವನ್ನು ಬೆಕ್ಕಿನ ಯಕೃತ್ತು ಸರಿಯಾಗಿ ಒಡೆಯಲಾರದು, ನಡುಕ ಮತ್ತು ಸೆಳವು ಬಂದು ಬೆಕ್ಕು ಸಾಯಬಹುದು. ಇನ್ನೊಂದು, ಹಿಗ್ಗುವ ಎಲಾಸ್ಟಿಕ್ ಬೆಲ್ಟ್. ಸಿಕ್ಕಿಕೊಂಡರೂ ಹಿಗ್ಗುತ್ತದೆ, ತಲೆ ಹೊರಬರುತ್ತದೆ, ಬೀಳುವುದೂ ಇಲ್ಲ ಎಂದು ಹೇಳಿ ಕೊಟ್ಟರು. ಅದನ್ನೇ ತಂದು ಹಾಕಿದರು. ಬೆಲ್ಟಿನ ಜೊತೆಗೆ ದೃಷ್ಟಿಗೆಂದು ಅಜ್ಜಿ ಒಂದು ಕಪ್ಪು ದಾರವನ್ನೂ ಗಂಟು ಹಾಕಿ ಕಟ್ಟಿದರು. ನನ್ನನ್ನು ಯಾರೂ ಕೇಳಲಿಲ್ಲ. ಬೆಲ್ಟ್ ಬದಲಿಸುವುದು ವೈದ್ಯರನ್ನು ಕೇಳುವ ವಿಷಯವೆಂದು ಯಾರಿಗೂ ತೋಚುವುದಿಲ್ಲ.

ಕಂಕುಳಿನ ಗಾಯ

ಐದು ತಿಂಗಳು ಏನೂ ಆಗಲಿಲ್ಲ. ಆಮೇಲೊಂದು ಶುಕ್ರವಾರ ರಾತ್ರಿ ಮನೆಯವರೆಲ್ಲ ಮದುವೆಗೆಂದು ಊರಿಗೆ ಹೋದರು. ಪಕ್ಕದ ಮನೆಯವರು ದಿನಕ್ಕೆರಡು ಸಲ ಬಂದು ಅನ್ನ, ನೀರು ಇಟ್ಟು ಹೋಗುವ ವ್ಯವಸ್ಥೆ. ಶನಿವಾರ ಬೆಳಿಗ್ಗೆ ಬಂದಾಗ ಬೆಕ್ಕು ಮಂಚದಡಿಯಲ್ಲಿ ಕುಳಿತಿತ್ತು. ಹೊಸಬರನ್ನು ಕಂಡು ನಾಚಿಕೆ ಎಂದುಕೊಂಡರು. ಭಾನುವಾರವೂ ಅಲ್ಲಿಯೇ ಇತ್ತು. ತಟ್ಟೆಯಲ್ಲಿ ಅರ್ಧ ಆಹಾರ ಉಳಿದಿತ್ತು. ಸೋಮವಾರ ಬೆಳಗಿನ ಜಾವ ಮನೆಗೆ ಮರಳಿದ ತಾಯಿ ಬೆಕ್ಕನ್ನು ಹೊರಗೆಳೆದಾಗ ಎಲಾಸ್ಟಿಕ್ ಬೆಲ್ಟ್ ಕೊರಳಲ್ಲಿರಲಿಲ್ಲ. ಎಡಗಡೆಯ ಕತ್ತಿನಿಂದ ಬಲ ಮುಂಗಾಲಿನ ಕಂಕುಳಿಗೆ, ಜನಿವಾರದ ಹಾಗೆ ಓರೆಯಾಗಿ ಇಳಿದಿತ್ತು.

ಇದು ಹೇಗಾಗುತ್ತದೆ ಎಂಬುದನ್ನು ಸ್ವಲ್ಪ ವಿವರಿಸಬೇಕು. ಕೊರಳು ತುರಿಸಿದಾಗಲೋ ಬೆಲ್ಟನ್ನು ಕಿತ್ತುಹಾಕಲು ನೋಡಿದಾಗಲೋ ಬೆಕ್ಕಿನ ಮುಂಗಾಲು ಪಟ್ಟಿಯೊಳಗೆ ತೂರುತ್ತದೆ. ಗಟ್ಟಿಯಾದ ಪಟ್ಟಿ ಸರಿಯಾದ ಅಳತೆಯಲ್ಲಿದ್ದರೆ ಪಂಜದ ಆಚೆಗೆ ಹೋಗಲು ಜಾಗವಿರುವುದಿಲ್ಲ. ಎಲಾಸ್ಟಿಕ್ ಮಾತ್ರ ಹಿಗ್ಗಿ ಇಡೀ ಕಾಲಿಗೆ ದಾರಿ ಕೊಟ್ಟು, ಕಾಲು ಒಳಬಂದ ಮೇಲೆ ಕುಗ್ಗುತ್ತದೆ. ಹೊರಕ್ಕೆ ಎಳೆದುಕೊಳ್ಳಲು ಬೆಕ್ಕಿಗೆ ಬೇರೆ ಉಪಾಯವಿಲ್ಲ. ಅಲ್ಲಿಂದ ಮುಂದೆ ಪ್ರತಿ ಹೆಜ್ಜೆಗೂ ಪಟ್ಟಿ ಕಂಕುಳಿನ ತೆಳು ಚರ್ಮವನ್ನು ಗರಗಸದಂತೆ ಉಜ್ಜುತ್ತದೆ. ಕಪ್ಪು ದಾರ ಅಷ್ಟರಲ್ಲಿ ಸವೆದು ತುಂಡಾಗಿತ್ತೆಂಬುದು ಅದೃಷ್ಟ, ಇಲ್ಲದಿದ್ದರೆ ಉಸಿರೇ ಕಟ್ಟಬಹುದಾಗಿತ್ತು.

ಗಾಯ ಸುಮಾರು ನಾಲ್ಕು ಸೆಂಟಿಮೀಟರ್ ಉದ್ದವಿತ್ತು, ಚರ್ಮ ಪೂರ್ತಿ ಸೀಳಿ ಸ್ನಾಯು ಕಾಣುತ್ತಿತ್ತು, ಕೀವು ತುಂಬಿತ್ತು. ಅರಿವಳಿಕೆ ಕೊಟ್ಟು ಸ್ವಚ್ಛಗೊಳಿಸಿ ಹೊಲಿಗೆ ಹಾಕಿದೆ. ಒಂಬತ್ತನೆಯ ದಿನ ಹೊಲಿಗೆ ಬಿಟ್ಟಿತು. ಕಂಕುಳಿನ ಗಾಯಗಳು ಹೀಗೆ ಮಾಯದೆ ಕಾಡುವುದು ಬೆಕ್ಕಿನ ವೈದ್ಯರಿಗೆಲ್ಲ ಗೊತ್ತಿರುವ ವಿಷಯ, ಏಕೆಂದರೆ ಬೆಕ್ಕು ನಡೆದಷ್ಟೂ ಆ ಜಾಗ ಮಡಚಿ ಬಿಚ್ಚಿಕೊಳ್ಳುತ್ತಲೇ ಇರುತ್ತದೆ. ಎರಡನೆಯ ಸಲ ಪಕ್ಕೆಯ ಚರ್ಮದ ಒಂದು ಭಾಗವನ್ನು ಬಿಡಿಸಿ, ತಿರುಗಿಸಿ ತಂದು ಮುಚ್ಚಬೇಕಾಯಿತು. ಪೂರ್ತಿ ಗುಣವಾಗಲು ಏಳು ವಾರ ಹಿಡಿಯಿತು. ಅಷ್ಟೂ ದಿನ ಗಾಯ ಒರೆಸಿ, ಪಟ್ಟಿ ಬದಲಿಸಿ, ರಾತ್ರಿ ಎದ್ದು ನೋಡಿಕೊಂಡವರು ತಾಯಿ. ಹಾಗೆ ತಿರುಗಿಸಿ ತಂದ ಚರ್ಮದ ಮೇಲಿನ ಕೂದಲು ಹುಟ್ಟಿದ ದಿಕ್ಕಿನಲ್ಲೇ ಬೆಳೆಯುತ್ತದೆ. ಚುಕ್ಕಿಯ ಬಲ ಕಂಕುಳಿನಲ್ಲಿ ಅಂಗೈಯಗಲ ಜಾಗದಲ್ಲಿ ಕೂದಲು ಸುತ್ತಲಿನದಕ್ಕೆ ಎದುರಾಗಿ, ಬಾಚಣಿಗೆ ತಪ್ಪಿದಂತೆ ನಿಂತಿತು.

ಬರಿಗೊರಳಿನ ಎಂಟು ತಿಂಗಳು

ಇನ್ನು ಬೆಲ್ಟ್ ಬೇಡ ಎಂದು ಮನೆಯವರು ತೀರ್ಮಾನಿಸಿದರು. ಮೂರನೆಯ ಮಹಡಿ, ನೆಟ್ ಇದೆ, ಹೊರಗೆ ಹೋಗುವುದೇ ಇಲ್ಲ ಎಂದು ನಾನೂ ತಲೆಯಾಡಿಸಿದೆ. ಬೆಲ್ಟ್ ಬದಲು ಮೈಕ್ರೋಚಿಪ್ ಹಾಕಿಸಬಹುದು ಎಂದು ಒಂದು ಮಾತು ಹೇಳಿದ್ದು ನಿಜ. 'ಅದು ಜಿಪಿಎಸ್ ತರಹವೇ, ಬೆಕ್ಕು ಎಲ್ಲಿದೆ ಎಂದು ಮೊಬೈಲಿನಲ್ಲಿ ಕಾಣುತ್ತದೆಯೇ' ಎಂದು ತಂದೆ ಕೇಳಿದರು. ಇಲ್ಲ, ಅದು ಅಕ್ಕಿಕಾಳಿನಷ್ಟು ಗಾತ್ರದ, ಬ್ಯಾಟರಿ ಇಲ್ಲದ ವಸ್ತು. ಹೆಗಲ ನಡುವೆ ಚರ್ಮದಡಿಯಲ್ಲಿ ಇಡುತ್ತೇವೆ. ಸ್ಕ್ಯಾನರ್ ಹತ್ತಿರ ತಂದಾಗ ಮಾತ್ರ 15 ಅಂಕಿಗಳ ಸಂಖ್ಯೆ ತೋರಿಸುತ್ತದೆ ಎಂದೆ. ಅವರ ಆಸಕ್ತಿ ಅಲ್ಲಿಗೆ ಮುಗಿಯಿತು, ನಾನೂ ಒತ್ತಾಯಿಸಲಿಲ್ಲ. ಎರಡನೆಯ ತಪ್ಪು ಇದು. ಬೆಲ್ಟ್ ಬೇಡವೆನ್ನುವ ಮನೆಗೆ ಚಿಪ್ ಇನ್ನಷ್ಟು ಅಗತ್ಯ ಎಂದು ನಾನು ಅಂದೇ ಕುಳಿತು ವಿವರಿಸಬೇಕಿತ್ತು. ಇಂಗ್ಲೆಂಡಿನಲ್ಲಿ 2024ರ ಜೂನ್ 10ರಿಂದ ಸಾಕಿದ ಬೆಕ್ಕುಗಳಿಗೆ 20 ವಾರ ತುಂಬುವುದರೊಳಗೆ ಚಿಪ್ ಕಡ್ಡಾಯ. ಮನೆಯಿಂದ ಹೊರಗೇ ಹೋಗದ ಬೆಕ್ಕಿಗೂ ಆ ಕಾನೂನಿನಲ್ಲಿ ರಿಯಾಯಿತಿ ಇಲ್ಲ.

ಎಂಟು ತಿಂಗಳ ನಂತರ ಕಟ್ಟಡಕ್ಕೆ ಹೊರಗಿನಿಂದ ಬಣ್ಣ ಹೊಡೆಯುವ ಕೆಲಸ ಶುರುವಾಯಿತು. ಬೊಂಬಿನ ಸಾರುವೆ ಕಟ್ಟಿದರು. ಬಾಲ್ಕನಿಯ ಗೋಡೆಯಂಚಿಗೆ ಕುಂಚ ತಲುಪಲೆಂದು ಕೆಲಸದವರು ನೆಟ್ಟಿನ ಒಂದು ಮೂಲೆ ಬಿಚ್ಚಿದ್ದು ಒಳಗಿದ್ದ ಅಜ್ಜಿಗೆ ತಿಳಿಯಲಿಲ್ಲ. ಸಂಜೆ ಮಗಳು ಶಾಲೆಯಿಂದ ಬಂದಾಗ ಬೆಕ್ಕಿರಲಿಲ್ಲ. ಸಾರುವೆಯ ಬೊಂಬು ಹಿಡಿದು ಇಳಿದು ಹೋಗಿತ್ತು.

ಮೊದಲ ಎರಡು ದಿನ ಮನೆಯವರು ಹುಡುಕಿದ್ದು ದೂರದಲ್ಲಿ, ಮುಖ್ಯರಸ್ತೆಯವರೆಗೆ, ಪಾರ್ಕಿನವರೆಗೆ, ಹೆಸರು ಕೂಗುತ್ತ. ತಪ್ಪಿಸಿಕೊಂಡ ಮನೆಬೆಕ್ಕು ಹಾಗೆ ನಡೆದುಹೋಗುವುದು ಕಡಿಮೆ. ಹೆದರಿ ಹತ್ತಿರದ ಸಂದಿಯಲ್ಲಿ ಅಡಗುತ್ತದೆ, ಕೂಗಿದರೆ ಓಗೊಡುವುದೂ ಇಲ್ಲ. ಕಾಣೆಯಾದ ಸಾವಿರಕ್ಕೂ ಹೆಚ್ಚು ಬೆಕ್ಕುಗಳ ಬಗ್ಗೆ 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಸಿಕ್ಕಿದ ಬೆಕ್ಕುಗಳಲ್ಲಿ ಮುಕ್ಕಾಲು ಭಾಗ ತಪ್ಪಿಸಿಕೊಂಡ ಸ್ಥಳದಿಂದ 500 ಮೀಟರಿನೊಳಗೇ ಸಿಕ್ಕಿದ್ದವು. ಚುಕ್ಕಿ ಇದ್ದದ್ದು ಪಕ್ಕದ ಬ್ಲಾಕಿನ ಜನರೇಟರ್ ಕೋಣೆಯ ಹಿಂದೆ, ಅರವತ್ತು ಹೆಜ್ಜೆ ದೂರದಲ್ಲಿ.

ಅಲ್ಲಿ ಅದನ್ನು ಮೊದಲ ರಾತ್ರಿಯೇ ನೋಡಿದವರೊಬ್ಬರಿದ್ದರು: ಆ ಬ್ಲಾಕಿನ ನೆಲಮಹಡಿಯ ಮಹಿಳೆ, ಬೀದಿ ಬೆಕ್ಕುಗಳಿಗೆ ದಿನವೂ ಊಟ ಹಾಕುವವರು. ಮರುದಿನ ಹಾಲು ತೋರಿಸಿ ಒಳಗೆ ಕರೆದುಕೊಂಡರು. ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪಿನಲ್ಲಿ 'ಬೆಕ್ಕು ಕಾಣೆಯಾಗಿದೆ' ಎಂಬ ಸಂದೇಶವನ್ನೂ ಅವರು ಓದಿದ್ದರು. ಆದರೆ ಮನೆಯವರು ಹಾಕಿದ್ದ ಚಿತ್ರ ಚುಕ್ಕಿ ಮರಿಯಾಗಿದ್ದಾಗಿನದು, ಕೊರಳಲ್ಲಿ ಕೆಂಪು ಬೆಲ್ಟ್ ಇದ್ದದ್ದು. ತಮ್ಮ ಮನೆಗೆ ಬಂದ ಬೆಕ್ಕಿಗೆ ಬೆಲ್ಟ್ ಇಲ್ಲ, ಬೆಲ್ಟ್ ಹಾಕುತ್ತಿದ್ದ ಗುರುತೂ ಇಲ್ಲ. ಆದ್ದರಿಂದ ಇದು ಅದಲ್ಲ ಎಂದು ಅವರು ತೀರ್ಮಾನಿಸಿದ್ದರಲ್ಲಿ ತರ್ಕದೋಷ ಹುಡುಕಲಾಗದು. ಸರ್ಕಾರದ ಅಥವಾ ಸ್ವಯಂಸೇವಕರ ಯೋಜನೆಯಲ್ಲಿ ಸಂತಾನಹರಣ ಮಾಡಿಸಿದ ಬೀದಿ ಬೆಕ್ಕಾದರೆ ಕಿವಿಯ ತುದಿ ಕತ್ತರಿಸಿರುತ್ತಾರೆ. ಖಾಸಗಿಯಾಗಿ ಮಾಡಿಸಿದ ಚುಕ್ಕಿಯ ಕಿವಿ ಇಡಿಯಾಗಿತ್ತು. ಹಾಗಾಗಿ ಮುಂದಿನ ಸೋಮವಾರಕ್ಕೆ ಅವರು ಅದರ ಶಸ್ತ್ರಚಿಕಿತ್ಸೆಯನ್ನೂ ಗೊತ್ತುಮಾಡಿದ್ದರು. ಇನ್ನೊಂದು ದಿನ ಕಳೆದಿದ್ದರೆ ಗರ್ಭಕೋಶವೇ ಇಲ್ಲದ ಬೆಕ್ಕಿನ ಹೊಟ್ಟೆಯನ್ನು ಮತ್ತೊಮ್ಮೆ ತೆರೆಯುತ್ತಿದ್ದರು.

ಆರನೆಯ ದಿನ, ಭಾನುವಾರ, ಮಗಳು ಆ ಮನೆಯ ಕಿಟಕಿಯಲ್ಲಿ ಬೆಕ್ಕನ್ನು ಕಂಡಳು. ಮಹಿಳೆ ಒಮ್ಮೆಲೇ ಒಪ್ಪಲಿಲ್ಲ. ಬೂದು ಪಟ್ಟೆಯ ಬೆಕ್ಕುಗಳೆಲ್ಲ ಒಂದೇ ಥರ ಕಾಣುತ್ತವೆ, ಮಕ್ಕಳು ಆಸೆಯಿಂದ ಹೇಳುತ್ತಾರೆ ಎಂದರು. ಅವರ ಕಾಳಜಿಯೂ ಪ್ರಾಮಾಣಿಕವಾಗಿತ್ತು. ಎರಡೂ ಕಡೆಯವರು ಬೆಕ್ಕನ್ನು ಬುಟ್ಟಿಯಲ್ಲಿಟ್ಟುಕೊಂಡು ನನ್ನಲ್ಲಿಗೆ ಬಂದರು. ನಾನು ಹಳೆಯ ಫೈಲಿನ ಫೋಟೋ ಮೇಜಿನ ಮೇಲಿಟ್ಟು ಚುಕ್ಕಿಯ ಬಲ ಮುಂಗಾಲನ್ನು ಮೇಲೆತ್ತಿದೆ. ಎದುರು ದಿಕ್ಕಿಗೆ ನಿಂತ ಕೂದಲು ಅಲ್ಲಿತ್ತು. ಮೂರು ನಿಮಿಷದಲ್ಲಿ ವಿವಾದ ಮುಗಿಯಿತು. ಬೆಕ್ಕನ್ನು ಒಪ್ಪಿಸುತ್ತ ಆ ಮಹಿಳೆ ಹೇಳಿದ ಮಾತು ಈ ಪ್ರಕರಣದ ದಿಕ್ಕನ್ನು ಬದಲಿಸಿತು: 'ಕೊರಳಲ್ಲಿ ಒಂದು ದಾರ ಇದ್ದಿದ್ದರೂ ನಾನು ನಾಲ್ಕು ಮನೆ ಕೇಳುತ್ತಿದ್ದೆ.'

ಮತ್ತೆ ಬೆಲ್ಟಿನ ಪ್ರಶ್ನೆ

ಚಿಪ್ ಅಂದೇ ಹಾಕಿದೆವು, ಅದರ ಬಗ್ಗೆ ಚರ್ಚೆಯಾಗಲಿಲ್ಲ. ಬೆಲ್ಟಿನ ಬಗ್ಗೆ ಆಯಿತು. ಏಳು ವಾರ ಗಾಯ ನೋಡಿಕೊಂಡ ತಾಯಿ ಸುತರಾಂ ಒಪ್ಪಲಿಲ್ಲ, ತಂದೆಗೆ ಆ ಮಹಿಳೆಯ ಮಾತು ಬಿಟ್ಟು ಬೇರೇನೂ ಕೇಳಿಸುತ್ತಿರಲಿಲ್ಲ. ಇಬ್ಬರ ಭಯಕ್ಕೂ ಆಧಾರವಿತ್ತು. ಆದ್ದರಿಂದ ಅವರ ಮುಂದೆ ಅಂಕಿಗಳನ್ನಿಟ್ಟೆ. ಅಮೆರಿಕದ ಸಂಶೋಧಕರು 538 ಬೆಕ್ಕುಗಳಿಗೆ ಬೇರೆ ಬೇರೆ ಬಗೆಯ ಬೆಲ್ಟ್ ಹಾಕಿ ಆರು ತಿಂಗಳು ಗಮನಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸುಮಾರು ಶೇ. 73ರಷ್ಟು ಬೆಕ್ಕುಗಳು ಬೆಲ್ಟನ್ನು ಒಗ್ಗಿಸಿಕೊಂಡವು. ಬೆಲ್ಟ್ ಯಾವುದಕ್ಕಾದರೂ ಸಿಕ್ಕಿಕೊಂಡದ್ದು, ಬಾಯಿಗೋ ಮುಂಗಾಲಿಗೋ ತೊಡರಿಕೊಂಡದ್ದು 18 ಬೆಕ್ಕುಗಳಲ್ಲಿ. ಅದೇ ಅಧ್ಯಯನದಲ್ಲಿ ಆರು ತಿಂಗಳ ನಂತರ ಪರೀಕ್ಷಿಸಿದ 478 ಚಿಪ್‌ಗಳಲ್ಲಿ ಒಂದನ್ನು ಬಿಟ್ಟು ಎಲ್ಲವೂ ಸರಿಯಾಗಿ ಓದಿಸಿಕೊಂಡವು. ಹದಿನೆಂಟು ದೊಡ್ಡ ಸಂಖ್ಯೆಯೇ ಎಂದು ತಂದೆ ಕೇಳಿದರು. ಆ ಹದಿನೆಂಟರಲ್ಲಿ ನಮ್ಮದು ಒಂದಾದರೆ ದೊಡ್ಡದೇ ಎಂದರು ತಾಯಿ.

ಚಿಪ್ ಇದ್ದರೆ ಸಾಲದೇ ಎಂಬುದು ತಾಯಿಯ ಮುಂದಿನ ಪ್ರಶ್ನೆ, ಮತ್ತು ಅದೇ ಸರಿಯಾದ ಪ್ರಶ್ನೆ. ಚಿಪ್ ಬೆಕ್ಕು ಯಾರದ್ದೆಂದು ಖಚಿತವಾಗಿ ಹೇಳುತ್ತದೆ, ಆದರೆ ಯಾರಾದರೂ ಅದನ್ನು ಹಿಡಿದು ಸ್ಕ್ಯಾನರ್ ಇರುವ ಚಿಕಿತ್ಸಾಲಯಕ್ಕೆ ತಂದ ಮೇಲೆ. ನಮ್ಮಲ್ಲಿ ಎಲ್ಲ ಚಿಕಿತ್ಸಾಲಯಗಳಲ್ಲೂ ಸ್ಕ್ಯಾನರ್ ಇರುವುದಿಲ್ಲ, ಬೀದಿ ಬೆಕ್ಕೆಂದು ತಿಳಿದವರು ಸ್ಕ್ಯಾನ್ ಮಾಡಿಸಲೂ ಹೋಗುವುದಿಲ್ಲ. ಮನೆ ಇದೆ ಎಂಬ ಅನುಮಾನವನ್ನು ಕಂಡವರ ಮನಸ್ಸಿನಲ್ಲಿ ಮೂಡಿಸುವುದು ಬೆಲ್ಟ್. ಪರ್ಷಿಯನ್ ಬೆಕ್ಕೊಂದು ಪಾರ್ಕಿಂಗ್‌ನಲ್ಲಿ ಕಂಡರೆ ಬೆಲ್ಟ್ ಇಲ್ಲದಿದ್ದರೂ ಜನ ಯಾರದ್ದೆಂದು ವಿಚಾರಿಸುತ್ತಾರೆ. ನಾಡು ಬೆಕ್ಕಿಗೆ ಆ ಭಾಗ್ಯವಿಲ್ಲ. ಹೀಗಾಗಿ ಮನೆಯೊಳಗಿನ ನಾಡು ಬೆಕ್ಕಿಗೆ ಚಿಪ್ ಮೊದಲು, ಕಳಚಿಕೊಳ್ಳುವ ಬೆಲ್ಟ್ ಆಮೇಲೆ, ಎಲಾಸ್ಟಿಕ್ ಎಂದಿಗೂ ಬೇಡ ಎಂಬುದು ನನ್ನ ಈಗಿನ ನಿಲುವು. ಬೆಳೆಯುತ್ತಿರುವ ಮರಿಗಳಿಗೆ, ಕೊರಳ ಚರ್ಮದ ಕಾಯಿಲೆ ಇರುವವುಗಳಿಗೆ, ಒಂದರ ಕೊರಳನ್ನು ಇನ್ನೊಂದು ಕಚ್ಚಿ ಕುಸ್ತಿಯಾಡುವ ಜೋಡಿ ಬೆಕ್ಕುಗಳಿಗೆ ನಾನು ಈಗಲೂ ಬೆಲ್ಟ್ ಹೇಳುವುದಿಲ್ಲ.

ತಾಯಿ ಒಂದು ಷರತ್ತು ಹಾಕಿದರು: ಬಿಚ್ಚಿಕೊಳ್ಳುತ್ತದೆ ಎಂದು ಡಬ್ಬಿಯ ಮೇಲೆ ಬರೆದರೆ ಸಾಲದು, ಕಣ್ಣಾರೆ ನೋಡಬೇಕು. ನಾಲ್ಕು ಬಗೆಯ ಬೆಲ್ಟ್ ತರಿಸಿದೆವು. ಪ್ರತಿಯೊಂದನ್ನೂ ಕ್ಲಿಪ್ ಹಾಕಿ ಬಾಗಿಲ ಕೊಕ್ಕೆಗೆ ತೂಗಿಸಿ, ಅದರಿಂದ ಎರಡು ಲೀಟರ್ ನೀರು ತುಂಬಿದ ಬಾಟಲಿಯನ್ನು ಇಳಿಬಿಟ್ಟೆವು. ಚುಕ್ಕಿಯ ತೂಕ 3.4 ಕಿಲೋ, ಎರಡು ಕಿಲೋಗೆ ಬಿಡದ ಕ್ಲಿಪ್ಪನ್ನು ನಂಬುವಂತಿರಲಿಲ್ಲ. ನಾಲ್ಕರಲ್ಲಿ ಎರಡು ಬಿಡಲಿಲ್ಲ, ಅವುಗಳ ಡಬ್ಬಿಯ ಮೇಲೂ ಸುರಕ್ಷಿತ ಎಂದೇ ಬರೆದಿತ್ತು. ಉಳಿದೆರಡರಲ್ಲಿ ಹಗುರವಾದದ್ದನ್ನು ಆರಿಸಿ, ನೇತಾಡುವ ಬಿಲ್ಲೆಯ ಬದಲು ಪಟ್ಟಿಯ ಮೇಲೆಯೇ ಫೋನ್ ನಂಬರನ್ನು ದಾರದಲ್ಲಿ ಹೊಲಿಸಿದರು.

ಅಳತೆಯಲ್ಲಿ ಒಂದು ಎಡವಟ್ಟಾಯಿತು. ಹಿಂದಿನ ಭಯದಿಂದ ತಾಯಿ ಬೆಲ್ಟನ್ನು ತೀರ ಸಡಿಲವಾಗಿ ಹಾಕಿದ್ದರು. ಬಿಗಿಗಿಂತ ಸಡಿಲ ಕ್ಷೇಮ ಎಂದು ಕಾಣುತ್ತದೆ, ಆದರೆ ಮುಂಗಾಲೂ ಕೆಳದವಡೆಯೂ ತೂರುವುದು ಸಡಿಲ ಬೆಲ್ಟಿನೊಳಗೇ. ಎರಡು ಬೆರಳು ಸಲೀಸಾಗಿ ಹೋಗಬೇಕು, ಮೂರನೆಯದು ಹೋಗಬಾರದು ಎಂದು ಸರಿಮಾಡಿಸಿದೆ. ಮೊದಲ ದಿನ ಊಟದ ಹೊತ್ತಿಗೆ ಹತ್ತು ನಿಮಿಷ, ನಂತರ ದಿನಕ್ಕಷ್ಟು ಹೆಚ್ಚಿಸುತ್ತ ಹೋದರು. ಮೊದಲೆರಡು ದಿನ ಚುಕ್ಕಿ ಹಿಂದಕ್ಕೆ ಹಿಂದಕ್ಕೆ ನಡೆಯಿತು, ಐದನೆಯ ದಿನಕ್ಕೆ ಮರೆತಿತು.

ಗೆಜ್ಜೆಯನ್ನು ನಾನು ತೆಗೆಸಿದ್ದೆ. ಹಕ್ಕಿ ಹಿಡಿಯುವ ಬೆಕ್ಕಿಗಾದರೆ ಅದಕ್ಕೆ ಅರ್ಥವಿದೆ. ನ್ಯೂಜಿಲೆಂಡಿನ ಒಂದು ಅಧ್ಯಯನದಲ್ಲಿ ಗಂಟೆ ಕಟ್ಟಿದ ಬೆಕ್ಕುಗಳು ಹಿಡಿದ ಹಕ್ಕಿಗಳ ಸಂಖ್ಯೆ ಅರ್ಧಕ್ಕಿಳಿದಿತ್ತು. ಚುಕ್ಕಿ ಹಿಡಿಯುವುದು ಜಿರಳೆಯನ್ನು. ಅಜ್ಜಿಗಾಗಿ ಓಣಿಯಲ್ಲಿ ರಾತ್ರಿದೀಪ ಹಾಕಿಸಲು ಹೇಳಿದೆ. ಹದಿನೈದು ದಿನ ಬಿಟ್ಟು ಅಜ್ಜಿಯೇ ಫೋನ್ ಮಾಡಿದರು: 'ಡಾಕ್ಟ್ರೇ, ದೀಪ ಇದ್ರೆ ನಾನು ಕೆಳಗೆ ನೋಡ್ಬೇಕು. ಗೆಜ್ಜೆ ಇದ್ರೆ ಅದೇ ಹೇಳುತ್ತೆ.' ನನ್ನ ಬಳಿ ಉತ್ತರವಿರಲಿಲ್ಲ. ಹಗುರವಾದ ಒಂದೇ ಗೆಜ್ಜೆ ಮತ್ತೆ ಬಂತು, ಬೆಕ್ಕು ಅದನ್ನು ಗಣನೆಗೆ ತೆಗೆದುಕೊಂಡಂತಿಲ್ಲ. ಕಪ್ಪು ದಾರವನ್ನು ಅಜ್ಜಿ ಈಗ ಬೆಕ್ಕನ್ನು ಸಾಗಿಸುವ ಬುಟ್ಟಿಯ ಹಿಡಿಗೆ ಕಟ್ಟಿದ್ದಾರೆ.

ಮನೆ ಖಾಲಿ ಇರುವಾಗ ಬೆಲ್ಟ್ ತೆಗೆದಿಡಬೇಕೆಂಬುದು ತಾಯಿಯ ನಿಯಮ. ನಾನು ಮೊದಲು ಒಪ್ಪಲಿಲ್ಲ, ಬೆಲ್ಟ್ ಸದಾ ಇದ್ದರಲ್ಲವೇ ಪ್ರಯೋಜನ ಎಂದೆ. ಬೀಗ ಹಾಕಿದ ಮನೆಯಿಂದ ಬೆಕ್ಕು ತಪ್ಪಿಸಿಕೊಳ್ಳುವುದು ಅಪರೂಪ, ಅಲ್ಲಿ ಏನಾದರೂ ತೊಡರಿಕೊಂಡರೆ ಬಿಡಿಸಲು ಯಾರೂ ಇಲ್ಲ; ಬಾಗಿಲು ತೆರೆದು ಮುಚ್ಚುವ ಹಬ್ಬ, ರಿಪೇರಿ, ನೆಂಟರ ದಿನಗಳಲ್ಲಿ, ಪಟಾಕಿಗೆ ಬೆದರುವ ದೀಪಾವಳಿಯಲ್ಲಿ ಬೆಲ್ಟ್ ಇರಲೇಬೇಕು ಎಂದು ಅವರು ವಾದಿಸಿದರು. ಯೋಚಿಸಿದಾಗ ಅವರ ಲೆಕ್ಕವೇ ಸರಿ ಎನಿಸಿತು. ಈಗ ಬೇರೆಯವರಿಗೂ ಹಾಗೆಯೇ ಹೇಳುತ್ತೇನೆ.

ಮೊದಲ ವರ್ಷದಲ್ಲಿ ಬೆಲ್ಟ್ ಆರು ಸಲ ಕಳಚಿತು. ಐದು ಸಲ ಸಿಕ್ಕಿತು, ಒಮ್ಮೆ ಗ್ಯಾಸ್ ಸಿಲಿಂಡರಿನ ಹಿಂದೆ. ಆರನೆಯದು ಇನ್ನೂ ಸಿಕ್ಕಿಲ್ಲ, ಹೊಸದು ತಂದರು. ಈ ಸಲ ಯಾರೂ ಅಂಗಡಿಗೆ ದೂರು ಒಯ್ಯಲಿಲ್ಲ.

ವಾರ್ಷಿಕ ಲಸಿಕೆಗೆ ಬಂದಾಗ ಅಭ್ಯಾಸದಂತೆ ಸ್ಕ್ಯಾನರ್ ಹಿಡಿದೆ. ಹದಿನೈದು ಅಂಕಿಗಳೂ ಸರಿಯಾಗಿ ಬಂದವು. ಚಿಪ್ ನೋಂದಣಿಯಲ್ಲಿ ಆ ಸಂಖ್ಯೆಗೆ ಜೋಡಿಸಿದ್ದ ಫೋನ್ ನಂಬರಿಗೆ ಅಲ್ಲಿಯೇ ಕರೆ ಮಾಡಿ ನೋಡಿದರೆ ಅಸ್ತಿತ್ವದಲ್ಲಿಲ್ಲ ಎಂಬ ಉತ್ತರ ಬಂತು. ಅದು ತಂದೆಯ ಹಳೆಯ ಕಂಪನಿಯ ಸಿಮ್. ಕೆಲಸ ಬದಲಿಸಿದಾಗ ನಾಲ್ಕು ತಿಂಗಳ ಹಿಂದೆ ಹಿಂದಿರುಗಿಸಿದ್ದರು. ಬೆಲ್ಟಿನ ಮೇಲೆ ಹೊಲಿಸಿದ್ದೂ ಅದೇ ನಂಬರು. ಅಂದರೆ ನಾಲ್ಕು ತಿಂಗಳಿಂದ ಚುಕ್ಕಿಯ ಕೊರಳಲ್ಲೂ ಚರ್ಮದಡಿಯಲ್ಲೂ ಇದ್ದದ್ದು ಯಾರೂ ಎತ್ತದ ಫೋನು. ನೋಂದಣಿಯಲ್ಲಿ ತಂದೆ, ತಾಯಿ ಇಬ್ಬರ ಸ್ವಂತ ನಂಬರುಗಳನ್ನೂ ಅಂದೇ ಬರೆಸಿದೆವು. ಬೆಲ್ಟಿನ ಮೇಲೆ ಯಾರ ನಂಬರು ಹೊಲಿಸುವುದೆಂದು ಮಾತಾಡಿ, ಕೊನೆಗೆ ಅಜ್ಜಿಯದನ್ನು ಆರಿಸಿದರು. ಹನ್ನೆರಡು ವರ್ಷದಿಂದ ಅವರ ನಂಬರು ಬದಲಾಗಿಲ್ಲ, ಹಗಲು ಹೊತ್ತು ಮನೆಯಲ್ಲಿದ್ದು ಫೋನ್ ಎತ್ತುವವರೂ ಅವರೊಬ್ಬರೇ.